ದಕ್ಕೆಯ ಸುಣ್ಣ, ಬಸದಿಯ ಬಿಳುಪು

ಜಿನಮಂದಿರದ ಗೋಡೆಯ ಬಿಳುಪು ಶ್ರಾವಕನ ಕಣ್ಣಿಗೆ ನಿರ್ಮಲತೆಯ ಕುರುಹು. ರಥೋತ್ಸವವೋ ಪಂಚಕಲ್ಯಾಣ ಮಹೋತ್ಸವವೋ ಸಮೀಪಿಸಿದಾಗ ಬಸದಿಯ ಆಡಳಿತ ಮಂಡಳಿಯು ಮೊದಲು ಕೈಗೊಳ್ಳುವ ನಿರ್ಣಯಗಳಲ್ಲಿ ಗೋಡೆಗಳಿಗೆ ಸುಣ್ಣ ಬಳಿಸುವುದೂ ಒಂದು. ಗುತ್ತಿಗೆದಾರನು ದರಪಟ್ಟಿ ಕೊಡುತ್ತಾನೆ, ಮಂಡಳಿ ಒಪ್ಪುತ್ತದೆ, ಕೆಲಸ ಮುಗಿಯುತ್ತದೆ. ಜಮಾ-ಖರ್ಚಿನ ಪುಸ್ತಕದಲ್ಲಿ ‘ಸುಣ್ಣದ ಬಾಬ್ತು’ ಎಂಬ ಒಂದೇ ಸಾಲಿನಲ್ಲಿ ವಿಷಯವು ಸಮಾಪ್ತಿಯಾಗುತ್ತದೆ. ಆದರೆ ಆ ಒಂದು ಸಾಲಿನ ಹಿಂದೆ ಒಂದು ನದಿಯಿರಬಹುದು. ನದಿಯ ದಂಡೆಯಲ್ಲಿ ದಕ್ಕೆ, ದಕ್ಕೆಯ ಪಕ್ಕದಲ್ಲಿ ಉರಿಯುವ ಗೂಡು, ಗೂಡಿನೊಳಗೆ ಒಂದು ಕಾಲಕ್ಕೆ ಜೀವಿಗಳ ಮನೆಯಾಗಿದ್ದ ಚಿಪ್ಪುಗಳು ಇರಬಹುದು. ಅಹಿಂಸೆಯೇ ಪರಮಧರ್ಮವೆಂದು ಸಾರುವ ಮಂದಿರದ ಬಿಳುಪಿನಲ್ಲಿ ಹಿಂಸೆಯ ಅಂಶವಿದೆಯೇ? ಇದ್ದರೆ ಅದನ್ನು ಯಾರ ಖಾತೆಗೆ ಬರೆಯಬೇಕು? ಮೇಲ್ನೋಟಕ್ಕೆ ಅಲ್ಪವೆಂದು ತೋರುವ ಈ ಪ್ರಶ್ನೆಯು ಗೃಹಸ್ಥಧರ್ಮದ ಮೂಲವನ್ನೇ ಮುಟ್ಟುತ್ತದೆ.

ಇದನ್ನು ವಿಚಾರಿಸಲು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಜಾವಳಿಯಿಂದ ಹೊರಡುವುದು ಅನುಕೂಲ. ಜಾವಳಿಯು ಹೇಮಾವತಿಯ ಉಗಮಸ್ಥಾನ. ಅಲ್ಲಿ ಹುಟ್ಟಿದ ನೀರು ಪೂರ್ವಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಅದೇ ಸೀಮೆಯಿಂದ ಕೊಟ್ಟಿಗೆಹಾರವನ್ನು ದಾಟಿ ಚಾರ್ಮಾಡಿ ಘಟ್ಟದ ಅಂಚಿಗೆ ಬಂದರೆ, ಅಲ್ಲಿ ಬಿದ್ದ ಮಳೆಯು ಪಶ್ಚಿಮಕ್ಕಿಳಿದು ನೇತ್ರಾವತಿಯ ಮೂಲಕ ಮಂಗಳೂರಿನ ಬಳಿ ಕಡಲನ್ನು ಸೇರುತ್ತದೆ. ನೀರಿನಂತೆಯೇ ಇಲ್ಲಿಯ ಜನಜೀವನವೂ ಎರಡು ದಿಕ್ಕಿಗೆ ಮುಖ ಮಾಡಿದೆ. ಈ ಬೆಟ್ಟಸೀಮೆಗೆ ಜೈನಧರ್ಮದ ನಂಟು ಪ್ರಾಚೀನವಾದುದು. ಹೊಯ್ಸಳರ ಮೂಲಸ್ಥಾನವೆನಿಸಿದ ಸೊಸೆವೂರು, ಅಂದರೆ ಇಂದಿನ ಅಂಗಡಿ ಗ್ರಾಮ, ಇದೇ ಮೂಡಿಗೆರೆ ತಾಲ್ಲೂಕಿನಲ್ಲಿದ್ದು ಅಲ್ಲಿ ಹಳೆಯ ಬಸದಿಗಳಿವೆ. ಘಟ್ಟದ ಮೇಲೆ ಕಳಸವನ್ನೂ ಕೆಳಗೆ ಕಾರ್ಕಳವನ್ನೂ ಆಳಿದ ಭೈರರಸರು ಜೈನರಾಗಿದ್ದರು. ಕಾರ್ಕಳದ ಗೊಮ್ಮಟಮೂರ್ತಿಯು 1432ರಲ್ಲಿ, ಚತುರ್ಮುಖ ಬಸದಿಯು 1586ರಲ್ಲಿ ಆ ವಂಶದ ಅರಸರಿಂದಲೇ ಆದುವು. ಘಟ್ಟದ ದಾರಿಯು ಧರ್ಮಕ್ಕೂ ವ್ಯಾಪಾರಕ್ಕೂ ಒಂದೇ ಆಗಿತ್ತು. ಕರಾವಳಿಯ ಉಪ್ಪು ಮೇಲೇರಿತು. ಮಲೆನಾಡಿನ ಅಡಿಕೆ, ಏಲಕ್ಕಿ, ಮುಂದೆ ಕಾಫಿ, ಕೆಳಗಿಳಿದುವು. ನೇತ್ರಾವತಿಯ ದಂಡೆಯ ಬಂಟ್ವಾಳವು ಮೈಸೂರು ಸೀಮೆಯ ಸರಕು ಕರಾವಳಿಗೆ ಸಾಗುವ ಮಾರ್ಗದ ಪೇಟೆಯೆಂದು ಹೆಸರಾಗಿತ್ತು.

ಈ ಬೆಟ್ಟಗಳಲ್ಲಿ ಬಹುಕಾಲದಿಂದ ಬೇಕಾಗಿದ್ದೂ ಇಲ್ಲಿಯೇ ದೊರೆಯದ ವಸ್ತುಗಳಲ್ಲಿ ಸುಣ್ಣವೂ ಒಂದು. ಮಳೆ ಅಧಿಕವಾದ ನೆಲದಲ್ಲಿ ಸುಣ್ಣದ ಅಂಶವು ನೀರಿನೊಡನೆ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಎಲೆಅಡಿಕೆಯ ತಟ್ಟೆಗೆ, ಮನೆಯ ಗೋಡೆಗೆ, ಬಸದಿಯ ಗಾರೆಗೆ ಬೇಕಾದ ಸುಣ್ಣವು ಒಂದೋ ಬಯಲುಸೀಮೆಯ ಸುಣ್ಣಕಲ್ಲಿನಿಂದ, ಇಲ್ಲವೇ ಕರಾವಳಿಯ ಚಿಪ್ಪಿನಿಂದ ಬರಬೇಕು. ಇಪ್ಪತ್ತನೆಯ ಶತಮಾನದಲ್ಲಿ ಇದರ ಅಗತ್ಯವು ಇನ್ನಷ್ಟು ಹೆಚ್ಚಿತು. ಮೈಸೂರು ಸರ್ಕಾರದ ಸೇವೆಗೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಇದು ಅಡಿಕೆ ತೋಟದ ಇಂದಿನ ರೂಢಿ. ಕಾಫಿಯ ಎಲೆತುಕ್ಕು ರೋಗಕ್ಕೂ ಇದೇ ದ್ರಾವಣವನ್ನು ತೆಳುವಾಗಿ ಬಳಸುತ್ತಾರೆ. ಬಾಳೆಹೊನ್ನೂರಿನ ಸಮೀಪದಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದ ಪರಂಪರೆಯಲ್ಲಿ ಬೆಳೆದ ತೋಟಗಾರರಿಗೆ ಮಣ್ಣಿನ ಹುಳಿಯನ್ನು ಸುಣ್ಣದಿಂದ ತಗ್ಗಿಸುವುದು ಪರಿಚಿತವಾದ ಕ್ರಮ. ಹೀಗೆ ಜಾವಳಿ, ಕಳಸ, ಮೂಡಿಗೆರೆಗಳ ಶ್ರಾವಕ ಕುಟುಂಬಗಳು ಸುಣ್ಣವನ್ನು ಬಾಯಿಗೆ, ಬಾಗಿಲಿಗೆ, ತೋಟಕ್ಕೆ, ಬಸದಿಗೆ ಬಳಸುತ್ತ ಬಂದಿವೆ. ಸುಣ್ಣವನ್ನು ಸುಡುವ ಗೂಡನ್ನು ಕಂಡವರು ಅವರಲ್ಲಿ ವಿರಳ. ಗೂಡು ಘಟ್ಟದ ಕೆಳಗಿತ್ತು. ಬಳಕೆ ಘಟ್ಟದ ಮೇಲಿತ್ತು.

ಕರಾವಳಿಯಲ್ಲಿ ಸುಣ್ಣದ ಗೂಡುಗಳು ನದಿಗಳ ಅಳಿವೆಯ ದಂಡೆಯಲ್ಲೇ ಇದ್ದುದಕ್ಕೆ ಕಾರಣವು ಸ್ಪಷ್ಟವಾಗಿದೆ. ತುಳುವರು ಮರುವಾಯಿ ಎಂದೂ ಉತ್ತರ ಕನ್ನಡದವರು ಬಳಚು ಎಂದೂ ಕರೆಯುವ ಜೀವಿಯು ಸಿಹಿನೀರು ಉಪ್ಪುನೀರು ಕೂಡುವ ಕೆಸರಿನಲ್ಲಿ ಬೆಳೆಯುತ್ತದೆ. ಅದರ ಚಿಪ್ಪು ಬಹುಮಟ್ಟಿಗೆ ಶುದ್ಧವಾದ ಸುಣ್ಣದ ಲವಣ. ಚಿಪ್ಪು ಭಾರವಾದ ಸರಕಾದುದರಿಂದ ದೋಣಿಯಲ್ಲಿ ತರಬೇಕು; ಸೌದೆಯೂ ಇದ್ದಿಲೂ ದೋಣಿಯಲ್ಲೇ ಬರಬೇಕು; ಸುಟ್ಟ ಸುಣ್ಣವನ್ನು ಅರಳಿಸಲು ನೀರು ಬೇಕು; ಸಿದ್ಧವಾದ ಸುಣ್ಣ ಮತ್ತೆ ದೋಣಿಯಲ್ಲಿ ಹೋಗಬೇಕು. ಆದ್ದರಿಂದ ಗೂಡಿಗೆ ದಕ್ಕೆಯು ಕೈಯಿದ್ದಂತೆ. ಮುರಕಲ್ಲಿನಿಂದಲೋ ಮಣ್ಣಿನಿಂದಲೋ ಕಟ್ಟಿದ ದುಂಡನೆಯ ಗೂಡಿನ ಬುಡದಲ್ಲಿ ಗಾಳಿಗೆ ಕಿಂಡಿ ಬಿಟ್ಟು, ಒಳಗೆ ಇದ್ದಿಲಿನ ಒಂದು ಪದರ, ಚಿಪ್ಪಿನ ಒಂದು ಪದರ ಹಾಸಿ ಬೆಂಕಿಯಿಡುತ್ತಾರೆ. ಉರಿಯು ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಚಿಪ್ಪು ಸುಣ್ಣವಾಗುತ್ತದೆ. ಆರಿದ ಮೇಲೆ ನೀರು ಚಿಮುಕಿಸಿದರೆ ಅದು ತಾನಾಗಿಯೇ ಕಾದು, ಸದ್ದು ಮಾಡಿ, ಬಿರಿದು, ಹಿಟ್ಟಾಗಿ ಅರಳುತ್ತದೆ. ಅರಳಿಸದ ಸುಣ್ಣವನ್ನು ತುಂಬಿದ ದೋಣಿಗೆ ನೀರು ಹೊಕ್ಕರೆ ಆ ಕಾವಿನಿಂದ ದೋಣಿಯೇ ಹೊತ್ತಿಕೊಳ್ಳುವ ಅಪಾಯವಿದೆ.

ವ್ಯಾಪಾರಿಯು ಇದನ್ನು ಲೆಕ್ಕದ ರೂಪದಲ್ಲಿ ಸುಲಭವಾಗಿ ಗ್ರಹಿಸಬಹುದು. ನೂರು ಕಿಲೋ ಶುದ್ಧ ಸುಣ್ಣದ ಲವಣವನ್ನು ಪೂರ್ಣವಾಗಿ ಸುಟ್ಟರೆ ಉಳಿಯುವುದು 56 ಕಿಲೋ. ಮಿಕ್ಕ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಅದಕ್ಕೆ 18 ಕಿಲೋ ನೀರು ಕೂಡಿದರೆ 74 ಕಿಲೋ ಅರಳಿದ ಸುಣ್ಣವಾಗುತ್ತದೆ. ಗೋಡೆಯ ಮೇಲೆ ಬಳಿದ ಸುಣ್ಣವು ಕ್ರಮೇಣ ಗಾಳಿಯಿಂದ ಅದೇ ಅನಿಲವನ್ನು ಹೀರಿ ಮತ್ತೆ ಕಲ್ಲಿನಂತಾಗುತ್ತದೆ. ಹೀಗೆ ಚಿಪ್ಪು ಗಾಳಿಗೆ ಬಿಟ್ಟುದನ್ನು ಗೋಡೆಯು ಹಿಂದಕ್ಕೆ ಪಡೆಯುತ್ತದೆ. ನೋಡುವುದಕ್ಕೆ ಜಮಾ-ಖರ್ಚು ಸರಿಹೋದಂತಿದೆ. ಆದರೆ ಈ ಲೆಕ್ಕದಲ್ಲಿ ಎರಡು ಬಾಬ್ತುಗಳು ಸೇರಿಲ್ಲ. ಗೂಡಿಗೆ ಹಾಕಿದ ಸೌದೆಯ ಹೊಗೆಯನ್ನು ಗೋಡೆಯು ಹಿಂದಕ್ಕೆ ಪಡೆಯುವುದಿಲ್ಲ. ಚಿಪ್ಪಿನೊಳಗಿದ್ದ ಜೀವವನ್ನಂತೂ ಯಾವ ಗೋಡೆಯೂ ಹಿಂದಕ್ಕೆ ಕೊಡುವುದಿಲ್ಲ.

ಜೈನಾಚಾರ್ಯರು ಜೀವರಾಶಿಯನ್ನು ಇಂದ್ರಿಯಗಳ ಸಂಖ್ಯೆಗೆ ಅನುಸಾರವಾಗಿ ವಿಂಗಡಿಸಿದ್ದಾರೆ. ಶಂಖ, ಶುಕ್ತಿ ಮೊದಲಾದ ಚಿಪ್ಪಿನ ಜೀವಿಗಳು ದ್ವೀಂದ್ರಿಯಗಳು. ಅವುಗಳಿಗೆ ಸ್ಪರ್ಶನವೂ ರಸನೆಯೂ ಉಂಟು. ಗೃಹಸ್ಥನು ಅಹಿಂಸಾಣುವ್ರತದಲ್ಲಿ ತ್ಯಜಿಸುವುದು ಎರಡು ಮತ್ತು ಹೆಚ್ಚಿನ ಇಂದ್ರಿಯಗಳುಳ್ಳ ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು. ಅಡುಗೆ, ಮನೆಕಟ್ಟುವಿಕೆ ಮೊದಲಾದವುಗಳ ಆರಂಭೀ ಹಿಂಸೆ, ಜೀವನೋಪಾಯದ ಉದ್ಯೋಗೀ ಹಿಂಸೆ, ಆತ್ಮರಕ್ಷಣೆಯ ವಿರೋಧೀ ಹಿಂಸೆ, ಇವು ಗೃಹಸ್ಥನಿಗೆ ಪೂರ್ಣವಾಗಿ ತಪ್ಪವು. ಅವನು ಅವುಗಳನ್ನು ಮಿತಗೊಳಿಸಬೇಕು. ಚಿಪ್ಪಿನ ಜೀವಿಯು ಅಣುವ್ರತದ ಗಡಿಯ ಒಳಗೇ ಬರುವುದರಿಂದ ಸುಣ್ಣದ ಪ್ರಶ್ನೆಯನ್ನು ಕೇವಲ ಸೂಕ್ಷ್ಮತೆಯೆಂದು ತಳ್ಳಿಹಾಕುವಂತಿಲ್ಲ.

ಜೀರ್ಣೋದ್ಧಾರಕ್ಕೆ ತೊಡಗಿದ ಬಸದಿಯೊಂದರ ಸಭೆಯಲ್ಲಿ ಈ ಪ್ರಶ್ನೆ ಎದ್ದಿತೆಂದು ಭಾವಿಸೋಣ. ಮೂರು ಉತ್ತರಗಳು ಬರಬಹುದು. ಚಿಪ್ಪನ್ನು ಸುಟ್ಟವರು ಬೇರೆಯವರು, ಮಂಡಳಿಯು ಕೊಂಡದ್ದು ಮಾತ್ರ, ಎಂಬುದು ಮೊದಲನೆಯದು. ಚಿಪ್ಪು ಹೇಗೂ ಸತ್ತ ಜೀವಿಯದು, ಸುಣ್ಣಕ್ಕಾಗಿ ಯಾರೂ ಕೊಲ್ಲುವುದಿಲ್ಲ, ಎಂಬುದು ಎರಡನೆಯದು. ಜಿನೇಂದ್ರನ ಸೇವೆಗಾಗಿ ಮಾಡಿದುದರಲ್ಲಿ ದೋಷವೆಣಿಸಬಾರದು, ಎಂಬುದು ಮೂರನೆಯದು. ಈ ಮೂರರಲ್ಲಿಯೂ ಸತ್ಯಾಂಶವಿದೆ. ಆದ್ದರಿಂದಲೇ ಪ್ರತಿಯೊಂದನ್ನೂ ತೂಗಿ ನೋಡಬೇಕು.

ಮೊದಲನೆಯ ಉತ್ತರಕ್ಕೆ ತತ್ವಾರ್ಥಸೂತ್ರದ ಆರನೆಯ ಅಧ್ಯಾಯವೇ ಸಮಾಧಾನ ಹೇಳುತ್ತದೆ. ಉಮಾಸ್ವಾಮಿಗಳು ಕರ್ಮಾಸ್ರವಕ್ಕೆ ಜೀವನು ಆಧಾರವಾಗುವ ಬಗೆಗಳನ್ನು ಎಣಿಸುವಾಗ ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನ-ವಚನ-ಕಾಯಗಳಿಂದಲೂ, ಕೃತ-ಕಾರಿತ-ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸುತ್ತಾರೆ. ಒಟ್ಟು 108 ಭೇದಗಳಾಗುತ್ತವೆ. ಜಪಮಾಲೆಯ 108 ಮಣಿಗಳಿಗೆ ಈ ಲೆಕ್ಕವನ್ನೇ ಅರ್ಥವಾಗಿ ಹೇಳುವುದುಂಟು. ತಾನು ಮಾಡಿದುದು ಒಂದು ಪಾಲು. ಮಾಡಿಸಿದುದೂ ಒಪ್ಪಿದುದೂ ಉಳಿದ ಎರಡು ಪಾಲು. ಗುತ್ತಿಗೆದಾರನಿಗೆ ಹಣ ಕೊಟ್ಟು ತರಿಸಿದ ಸುಣ್ಣವು ಕಾರಿತವಲ್ಲದಿದ್ದರೆ ಅನುಮತವಂತೂ ಆಗಿಯೇ ಆಗುತ್ತದೆ. ವ್ಯಾಪಾರದಲ್ಲಿ ಗುಮಾಸ್ತನು ಬರೆದುಕೊಟ್ಟ ರಸೀದಿಗೆ ಅಂಗಡಿಯ ಯಜಮಾನನೇ ಬಾಧ್ಯಸ್ಥನಾಗುವಂತೆ, ಧರ್ಮದಲ್ಲಿಯೂ ದಲ್ಲಾಳಿಯ ಹಿಂದೆ ಅಡಗಿಕೊಳ್ಳಲು ಬರುವುದಿಲ್ಲ. ಘಟ್ಟದ ದೂರವು ಹಿಂಸೆಯನ್ನು ತಗ್ಗಿಸುವುದಿಲ್ಲ. ಅದರ ಅರಿವನ್ನು ಮಾತ್ರ ತಗ್ಗಿಸುತ್ತದೆ.

ಎರಡನೆಯ ಉತ್ತರವನ್ನು ಪರಿಶೀಲಿಸಲು ಅಘನಾಶಿನಿಯ ಅಳಿವೆಗೆ ಹೋಗಬೇಕು. ಶಿರಸಿಯ ಕಡೆಯಿಂದ ಹರಿದು ಕುಮಟಾ ತಾಲ್ಲೂಕಿನ ತದಡಿಯ ಬಳಿ ಕಡಲನ್ನು ಸೇರುವ ಈ ನದಿಯ ಅಳಿವೆಯು ಬಳಚಿಗೆ ಪ್ರಸಿದ್ಧವಾದುದು. ಇಳಿತದ ವೇಳೆಯಲ್ಲಿ ಗಂಡಸರೂ ಹೆಂಗಸರೂ ಕೆಸರಿಗಿಳಿದು ಕೈಯಿಂದಲೇ ಬಳಚು ಹೆಕ್ಕುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ಸಂಶೋಧಕರು ಇಲ್ಲಿಯ ವಾರ್ಷಿಕ ಸಂಗ್ರಹವನ್ನು ಸುಮಾರು 22 ಸಾವಿರ ಟನ್ ಎಂದು ಅಂದಾಜು ಮಾಡಿದ್ದರು. ಅದು ಬಡಕುಟುಂಬಗಳ ಆಹಾರವೂ ಜೀವನೋಪಾಯವೂ ಆಗಿದೆ. ಇದಲ್ಲದೆ ನದಿಯ ತಳದಲ್ಲಿ ದೀರ್ಘಕಾಲದಿಂದ ಕೂಡಿಬಿದ್ದ ಹಳೆಯ ಚಿಪ್ಪಿನ ರಾಶಿಯನ್ನು ಸುಣ್ಣಕ್ಕಾಗಿಯೂ ಕೈಗಾರಿಕೆಗಾಗಿಯೂ ಅಗೆದು ತೆಗೆದಿದ್ದಾರೆ. 2024ರಲ್ಲಿ ಈ ಅಳಿವೆಯ 4801 ಹೆಕ್ಟೇರ್ ಪ್ರದೇಶವು ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು.

ಇಲ್ಲಿ ಎರಡು ಬಗೆಯ ಚಿಪ್ಪುಗಳನ್ನು ಪ್ರತ್ಯೇಕಿಸಬೇಕು. ತಿನ್ನುವುದಕ್ಕಾಗಿ ಹಿಡಿದ ಬಳಚಿನ ಚಿಪ್ಪು ಒಂದು ಬಗೆ. ಅದು ಸುಣ್ಣಕ್ಕಾಗಿ ಸತ್ತುದಲ್ಲ, ನಿಜ. ಆದರೆ ಅದಕ್ಕೂ ಬೆಲೆ ಕಟ್ಟಿ ಕೊಂಡಾಗ ಆ ಬೇಟೆಯ ಲಾಭಕ್ಕೆ ಒಂದು ಕಾಸು ಕೂಡಿಸಿದಂತಾಗುತ್ತದೆ. ಚರ್ಮದ ವ್ಯಾಪಾರಕ್ಕೆ ಶ್ರಾವಕರು ಕೈಹಾಕದಿರುವುದು ಇದೇ ಕಾರಣದಿಂದಲ್ಲವೇ? ತಳದಲ್ಲಿ ಬಿದ್ದ ಹಳೆಯ ಚಿಪ್ಪು ಎರಡನೆಯ ಬಗೆ. ಅದು ನಿರ್ಜೀವ, ಅದನ್ನು ಸುಟ್ಟರೆ ಆ ಚಿಪ್ಪಿನ ಜೀವಕ್ಕೆ ಹಿಂಸೆಯಿಲ್ಲ. ಆದರೆ ಅದನ್ನು ಅಗೆಯುವಾಗ ಮೇಲಿನ ಕೆಸರಿನಲ್ಲಿ ಬದುಕಿರುವ ಅಸಂಖ್ಯ ಜೀವಿಗಳು ನಾಶವಾಗುತ್ತವೆ. ‘ಸತ್ತ ಚಿಪ್ಪು’ ಎಂಬ ಮಾತು ಹೀಗೆ ಅರ್ಧಸತ್ಯವಾಗುತ್ತದೆ. ಸತ್ತದ್ದನ್ನು ತೆಗೆಯುವ ಕೈಯು ಬದುಕಿರುವುದನ್ನು ತುಳಿಯಿತೇ ಎಂದು ಕೇಳದ ಹೊರತು ಉತ್ತರವು ಪೂರ್ಣವಾಗದು. ಹಾಗೆಂದು ಕೆಸರಿನಲ್ಲಿ ಬಾಗಿ ದುಡಿಯುವ ಬಡವರನ್ನು ಹಿಂಸಕರೆಂದು ನಿಂದಿಸುವ ಅಧಿಕಾರವು ಸುಣ್ಣವನ್ನು ಬಳಸುವವನಿಗೆ ಇಲ್ಲ. ವ್ರತವು ತನ್ನ ನಡತೆಯನ್ನು ತಿದ್ದಿಕೊಳ್ಳುವುದಕ್ಕೆ, ಇತರರನ್ನು ಅಳೆಯುವುದಕ್ಕಲ್ಲ.

ಮೂರನೆಯ ಉತ್ತರವು ಭಕ್ತಿಯಿಂದ ಬಂದುದಾದ್ದರಿಂದ ಅತ್ಯಂತ ಗೌರವಾರ್ಹ, ಅತ್ಯಂತ ಅಪಾಯಕಾರಿ ಕೂಡ. ಸಮಂತಭದ್ರಾಚಾರ್ಯರು ಸ್ವಯಂಭೂಸ್ತೋತ್ರದಲ್ಲಿ ವಾಸುಪೂಜ್ಯ ತೀರ್ಥಂಕರರನ್ನು ಸ್ತುತಿಸುವಾಗ ಈ ವಿಷಯವನ್ನು ಎತ್ತಿದ್ದಾರೆ. ಪೂಜೆಯಲ್ಲಿ ಉಂಟಾಗುವ ಪಾಪದ ಲೇಶವು ಪುಣ್ಯದ ಮಹಾರಾಶಿಯ ಮುಂದೆ, ತಂಪಾದ ಮಂಗಳಕರ ಸಮುದ್ರಕ್ಕೆ ಬಿದ್ದ ವಿಷದ ಕಣದಂತೆ, ದೋಷಕ್ಕೆ ಕಾರಣವಾಗದು ಎಂಬುದು ಅವರ ಅಭಿಪ್ರಾಯ. ಮಂದಿರ ನಿರ್ಮಾಣವನ್ನೂ ಜೀರ್ಣೋದ್ಧಾರವನ್ನೂ ಸಮರ್ಥಿಸಲು ಈ ಮಾತನ್ನು ಆಧಾರವಾಗಿ ಹಿಡಿಯುವುದು ಯುಕ್ತವೇ. ಆದರೆ ಆಚಾರ್ಯರು ಅಲ್ಲಿ ದೋಷವಿಲ್ಲವೆಂದು ಹೇಳಲಿಲ್ಲ. ಇರುವುದನ್ನು ವಿಷವೆಂದೇ ಕರೆದರು, ಅದರ ಪ್ರಮಾಣವನ್ನು ಕಣವೆಂದರು. ಕಣವು ಕಣವಾಗಿಯೇ ಉಳಿಯಬೇಕು, ಸಮುದ್ರವು ಸಮುದ್ರವಾಗಿಯೇ ಇರಬೇಕು ಎಂಬ ನಿಬಂಧನೆ ಆ ಹೋಲಿಕೆಯಲ್ಲಿಯೇ ಅಡಗಿದೆ. ಪಕ್ಕದ ಊರಿನ ಬಸದಿಗಿಂತ ಹೆಚ್ಚು ಬೆಳ್ಳಗೆ ಕಾಣಲೆಂದು ಗಟ್ಟಿಯಾಗಿರುವ ಗೋಡೆಗೂ ವರ್ಷವರ್ಷ ಸುಣ್ಣ ಬಳಿಸಿದರೆ ಅದು ಪೂಜೆಯ ಅಂಗವಾಗುವುದಿಲ್ಲ, ಮಾನಕಷಾಯದ ಅಂಗವಾಗುತ್ತದೆ. ಆಗ ಸಮುದ್ರ ಬತ್ತಿ ಕಣ ಬೆಳೆಯುತ್ತದೆ.

ಪ್ರಮಾಣವನ್ನು ನಿಶ್ಚಯಿಸುವ ಅಳತೆಗೋಲನ್ನೂ ಅದೇ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಟ್ಟಿದ್ದಾರೆ. ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಮೂಲಂಗಿ, ಹಸಿಶುಂಠಿ, ಬೆಣ್ಣೆ ಮೊದಲಾದವುಗಳನ್ನು ತ್ಯಜಿಸಲು ಹೇಳುವ ಕಾರಣವೆಂದರೆ ಅವುಗಳಲ್ಲಿ ಫಲ ಅಲ್ಪ, ಘಾತ ಬಹಳ ಎಂಬುದು. ಆಹಾರಕ್ಕೆ ಹೇಳಿದ ಈ ನಿಯಮವನ್ನು ಸುಣ್ಣಕ್ಕೂ ಅನ್ವಯಿಸಬಹುದು. ಸೋರುವ ಛಾವಣಿಯ ಬಿರುಕನ್ನು ಗಾರೆಯಿಂದ ಮುಚ್ಚಿದರೆ ಶತಮಾನಗಳ ಬಸದಿಯೊಂದು ಉಳಿಯುತ್ತದೆ; ಫಲ ಬಹಳ. ಶೋಭೆಗಾಗಿ ಬಳಿದ ಸುಣ್ಣವನ್ನು ಮಲೆನಾಡಿನ ಒಂದೇ ಮಳೆಗಾಲ ತೊಳೆದುಬಿಡುತ್ತದೆ, ಫಲ ಅಲ್ಪ.

ಹಾಗಾದರೆ ಸುಣ್ಣ ಸುಡುವ ವೃತ್ತಿಯನ್ನೇ ನಿಷಿದ್ಧವೆಂದು ಸಾರಿಬಿಟ್ಟರೆ ಸಾಲದೇ? ಶಾಸ್ತ್ರವು ಅಷ್ಟು ಸುಲಭವಾದ ಉತ್ತರ ಕೊಡುವುದಿಲ್ಲ. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಶ್ರಾವಕನು ವರ್ಜಿಸಬೇಕಾದ ಹದಿನೈದು ಕರ್ಮಾದಾನಗಳ ಪಟ್ಟಿಯಿದ್ದು ಅದರ ಮೊದಲನೆಯದು ಅಂಗಾರಕರ್ಮ, ಅಂದರೆ ಬೆಂಕಿಯ ವೃತ್ತಿ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಇದನ್ನು ವಿವರಿಸುತ್ತ ಕುಂಬಾರಿಕೆಯನ್ನೂ ಇಟ್ಟಿಗೆ ಸುಡುವುದನ್ನೂ ಸೇರಿಸಿದ್ದಾರೆ. ಆದರೆ ಅದೇ ಉಪಾಸಕದಶಾಂಗದ ಹತ್ತು ಮಂದಿ ಆದರ್ಶ ಶ್ರಾವಕರಲ್ಲಿ ಒಬ್ಬನಾದ ಸದ್ದಾಲಪುತ್ರನು ಪೋಲಾಸಪುರದ ಕುಂಬಾರ. ಐನೂರು ಮಡಕೆಯ ಅಂಗಡಿಗಳ ಒಡೆಯ. ಎಲ್ಲವೂ ನಿಯತಿಯಿಂದಲೇ ಆಗುವುದೆಂದು ನಂಬಿದ್ದ ಆಜೀವಿಕ ಮತದ ಅವನನ್ನು ಮಹಾವೀರ ಸ್ವಾಮಿಯು ಕೇಳಿದ ಪ್ರಶ್ನೆ ಪ್ರಸಿದ್ಧವಾಗಿದೆ: ಬಿಸಿಲಿಗಿಟ್ಟ ಈ ಮಡಕೆಗಳು ಪ್ರಯತ್ನದಿಂದ ಆದುವೋ, ಪ್ರಯತ್ನವಿಲ್ಲದೆ ಆದುವೋ? ಇವುಗಳನ್ನು ಯಾರಾದರೂ ಕದ್ದರೆ, ಒಡೆದರೆ ದಂಡಿಸುವೆಯೋ ಇಲ್ಲವೋ? ದಂಡಿಸುವೆನೆಂದು ಒಪ್ಪಿದ ಮೇಲೆ, ಕಾರ್ಯಕ್ಕೆ ಕರ್ತನಿಲ್ಲ ಎಂಬ ಅವನ ವಾದವು ನಿಲ್ಲಲಿಲ್ಲ. ಅವನು ವ್ರತಗಳನ್ನು ಸ್ವೀಕರಿಸಿದನು. ಆ ಬಳಿಕವೂ ಅವನ ಅಂಗಡಿಗಳ ಪ್ರಸ್ತಾಪ ಕಥೆಯಲ್ಲಿ ಬರುತ್ತದೆ. ಗೂಡಿನ ಒಡೆಯನಿಗೆ ಭಗವಂತನು ಮೊದಲು ಕಲಿಸಿದ್ದು ಗೂಡನ್ನು ಒಡೆಯುವುದನ್ನಲ್ಲ. ಆಗುವ ಪ್ರತಿಯೊಂದು ಕಾರ್ಯಕ್ಕೂ ಯಾರೋ ಒಬ್ಬರು ಉತ್ತರದಾಯಿಗಳು ಎಂಬುದನ್ನು.

ದಿಗಂಬರ ಪರಂಪರೆಯ ಗೃಹಸ್ಥ ಪಂಡಿತರಾದ ಆಶಾಧರರು ಹದಿಮೂರನೆಯ ಶತಮಾನದ ತಮ್ಮ ಸಾಗಾರಧರ್ಮಾಮೃತದಲ್ಲಿ ಈ ಹದಿನೈದರ ಪಟ್ಟಿಯನ್ನು ಉಲ್ಲೇಖಿಸಿ, ಅದು ಸಮಂಜಸವಲ್ಲವೆಂದೂ ಲೋಕದಲ್ಲಿ ಪಾಪಯುಕ್ತ ವೃತ್ತಿಗಳು ಎಣಿಕೆಗೆ ಸಿಗದಷ್ಟಿವೆಯೆಂದೂ, ತೀರಾ ಮಂದಬುದ್ಧಿಯವರಿಗೆ ಬೇಕಾದರೆ ಅಂಥ ಪಟ್ಟಿಯನ್ನು ಹೇಳಬಹುದೆಂದೂ ಅಭಿಪ್ರಾಯಪಟ್ಟಿದ್ದಾರೆ. ಈ ಮಾತು ಇಂದಿಗೆ ಹೆಚ್ಚು ಪ್ರಸ್ತುತ. ಪಟ್ಟಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ವಸ್ತುವು ನಿರ್ದೋಷವಾಗದು. ಪ್ರತಿಯೊಂದು ವಸ್ತುವನ್ನೂ ವಿಚಾರಿಸಿ ಕೊಳ್ಳುವ ಹೊಣೆ ಕೊಳ್ಳುವವನದೇ.

ಸುಣ್ಣದ ಗೊಡವೆಯೇ ಬೇಡ, ಸಿಮೆಂಟು ಬಳಸಿದರಾಯಿತು ಎಂಬ ಮಾತೂ ಸಭೆಯಲ್ಲಿ ಬರಬಹುದು. ಆದರೆ ಸಿಮೆಂಟೂ ಸುಟ್ಟ ಸುಣ್ಣಕಲ್ಲಿನಿಂದಲೇ ಆಗುವುದು. ಅದರ ಗೂಡು ಬಾಗಲಕೋಟೆ, ಕಲಬುರಗಿಗಳ ಕಡೆಗಿದ್ದು ಬಲುದೊಡ್ಡದು. ಜಗತ್ತಿನಲ್ಲಿ ಮನುಷ್ಯನು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ ಏಳೆಂಟರಷ್ಟು ಸಿಮೆಂಟಿನಿಂದ ಬರುತ್ತದೆ. ಅಲ್ಲದೆ ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾಗದೆ ಕಲ್ಲೂ ಇಟ್ಟಿಗೆಯೂ ಹಾಳಾಗುತ್ತವೆ. ಆದುದರಿಂದಲೇ ಪ್ರಾಚೀನ ಕಟ್ಟಡಗಳ ಸಂರಕ್ಷಣೆಯನ್ನು ಬಲ್ಲವರು ಸುಣ್ಣವನ್ನೇ ಹೇಳುತ್ತಾರೆ. ಹೀಗೆ ಗೃಹಸ್ಥನಿಗೆ ಹಿಂಸೆಯಿಂದ ಸಂಪೂರ್ಣವಾಗಿ ಪಾರಾಗುವ ಬಾಗಿಲಿಲ್ಲ. ಹೆಚ್ಚು ಕಡಿಮೆಗಳನ್ನು ತೂಗುವ ತಕ್ಕಡಿ ಮಾತ್ರವಿದೆ.

ದೂರದ ದೇಶದಲ್ಲಿ ತಣ್ಣಗಾಗಿರುವ ಗೂಡೊಂದು ಈ ವಿಚಾರಕ್ಕೆ ಇನ್ನೊಂದು ಬೆಳಕನ್ನು ಕೊಡುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಟೇಮರ್ ನದಿಯ ದಂಡೆಯಲ್ಲಿ ಕೊಟೀಲ್ ಎಂಬ ದಕ್ಕೆಯಿದೆ. ಅಲ್ಲಿಯ ಮಣ್ಣೂ ಹುಳಿ. ಪ್ಲಿಮತ್ತಿನಿಂದ ದೋಣಿಗಳಲ್ಲಿ ಸುಣ್ಣಕಲ್ಲನ್ನು ತಂದು ದಕ್ಕೆಯ ಗೂಡುಗಳಲ್ಲಿ ಸುಟ್ಟು ರೈತರು ಹೊಲಕ್ಕೆ ಹಾಕುತ್ತಿದ್ದರು. ಕೊಟೀಲ್ ಎಸ್ಟೇಟು 1947ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶಕ್ಕೆ ಬಂದಿತು. ಈಗ ಗೂಡುಗಳಲ್ಲಿ ಬೆಂಕಿಯಿಲ್ಲ. 1899ರಲ್ಲಿ ಕಟ್ಟಿದ ಶ್ಯಾಮ್‌ರಾಕ್ ಎಂಬ ಸರಕುದೋಣಿಯನ್ನು ದಕ್ಕೆಯ ಇತಿಹಾಸದ ಕುರುಹಾಗಿ ಕಾಪಾಡಿದ್ದಾರೆ. ಪ್ರವಾಸಿಗಳು ಬಂದು ನೋಡುತ್ತಾರೆ. ಹೊಗೆ ಆರಿದ ಗೂಡು ಸುಂದರವಾಗಿಯೇ ಕಾಣುತ್ತದೆ. ಘಟ್ಟದ ದೂರವು ಹೇಗೆ ಗೂಡನ್ನು ಮರೆಮಾಡಿತೋ ಹಾಗೆಯೇ ಕಾಲದ ದೂರವೂ ಅದರ ಕಾವನ್ನು ಮರೆಸುತ್ತದೆ. ಹಳೆಯ ಬಸದಿಯ ಗಾರೆಯನ್ನು ಮೆಚ್ಚುವಾಗಲೂ ಇದೇ ಮರೆವು ಕೆಲಸ ಮಾಡುತ್ತದೆ. ಆ ಗಾರೆಯನ್ನು ಸುಟ್ಟವರ, ಅರೆದವರ, ಹೊತ್ತವರ ಕೈಗಳನ್ನು ಯಾವ ಶಾಸನದಲ್ಲಿ ಹುಡುಕುವುದು?

ಅಹಿಂಸೆಯ ವಿಚಾರದಲ್ಲಿ ದ್ವೀಂದ್ರಿಯವನ್ನು ನೆನೆದು ಪಂಚೇಂದ್ರಿಯವನ್ನು ಮರೆಯುವುದು ವಿಪರ್ಯಾಸ. ಸುಣ್ಣ ಅರಳಿಸುವಾಗ ಕುದಿಯುವ ಹನಿಯೊಂದು ಸಿಡಿದರೆ ಕೂಲಿಯವನ ಕಣ್ಣೇ ಹೋಗಬಹುದು. ಬರಿಗೈಯಲ್ಲಿ ಬಳಿದವರ ಚರ್ಮ ಬಿರಿಯುತ್ತದೆ. ಬಸದಿಯ ಕೆಲಸಕ್ಕೆ ಬಂದವನಿಗೆ ಕಣ್ಣಿನ ಕನ್ನಡಕವನ್ನೂ ಕೈಗವಸನ್ನೂ ನ್ಯಾಯವಾದ ಕೂಲಿಯನ್ನೂ ಕೊಡುವುದು ದಾನವಲ್ಲ, ಅಣುವ್ರತದ ಮೊದಲನೆಯ ಮೆಟ್ಟಿಲು.

ಇಷ್ಟರಿಂದ ಒಂದು ತೀರ್ಮಾನಕ್ಕೆ ಬರಬಹುದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂಸೆಯ ಮೂಲವನ್ನು ರಾಗಾದಿ ಭಾವಗಳಲ್ಲಿಯೂ ಪ್ರಮಾದದಲ್ಲಿಯೂ ಇರಿಸಿದ್ದಾರೆ. ಎಚ್ಚರದಿಂದ ನಡೆಯುವವನ ಕಾಲಡಿಯಲ್ಲಿ ಜೀವ ಸತ್ತರೂ ಅವನಿಗೆ ಹಿಂಸೆಯಿಲ್ಲ. ಪ್ರಮತ್ತನಾಗಿ ನಡೆಯುವವನಿಂದ ಜೀವ ಸಾಯದಿದ್ದರೂ ಹಿಂಸೆ ಅವನ ಮುಂದೆ ಓಡುತ್ತದೆ. ಸುಣ್ಣದ ವಿಷಯದಲ್ಲಿ ಇದರ ಅರ್ಥವು ತೀಕ್ಷ್ಣವಾಗಿದೆ. ಎಲ್ಲಿಂದ ಬಂತೆಂದು ಕೇಳದೆ ಕೊಂಡ ಸುಣ್ಣವು ಅದೃಷ್ಟವಶಾತ್ ಕಲ್ಲಿನದೇ ಆಗಿದ್ದರೂ ಕೇಳದವನಿಗೆ ಪ್ರಮಾದದ ದೋಷ ತಪ್ಪದು. ಕೇಳಿ, ತೂಗಿ, ಅನಿವಾರ್ಯವಾದಷ್ಟನ್ನೇ ಕೊಂಡವನ ಗೋಡೆಯಲ್ಲಿ ಉಳಿಯುವ ದೋಷವು ಆಚಾರ್ಯರು ಹೇಳಿದ ಆ ಕಣ ಮಾತ್ರ. ಅಜ್ಞಾನವು ಕ್ಷಮಾರ್ಹವಾಗಿರಬಹುದು, ಅರಿಯಲು ಅವಕಾಶವಿದ್ದೂ ಅರಿಯದಿರುವುದು ಕ್ಷಮಾರ್ಹವಲ್ಲ.

ಆಡಳಿತ ಮಂಡಳಿಗಳು ಇದನ್ನು ಆಚರಣೆಗೆ ತರುವುದು ಕಷ್ಟವೇನಲ್ಲ. ದರಪಟ್ಟಿ ಕೇಳುವಾಗ ಬೆಲೆಯೊಡನೆ ಸುಣ್ಣದ ಮೂಲವನ್ನೂ ಕೇಳಬೇಕು. ಕಲ್ಲಿನ ಸುಣ್ಣ ಸಾಕಾಗುವಲ್ಲಿ ಚಿಪ್ಪಿನ ಸುಣ್ಣವನ್ನು ಬಿಡಬೇಕು. ಗಣಿಯಲ್ಲಿಯೂ ಹಿಂಸೆಯುಂಟೆಂಬುದನ್ನು ಮರೆಯದೆಯೇ, ಏಕೇಂದ್ರಿಯಕ್ಕೂ ದ್ವೀಂದ್ರಿಯಕ್ಕೂ ಇರುವ ತಾರತಮ್ಯವನ್ನು ಗಣಿಸಬೇಕು. ಅಂಟಿಗಾಗಿ ಪ್ರಾಣಿಜನ್ಯವಾದ ಸರೇಸನ್ನು ಬೆರೆಸದೆ ಅಕ್ಕಿಯ ಗಂಜಿಯನ್ನು ಬಳಸಬೇಕು. ಕೆಲವೆಡೆ ಗಾರೆಗೆ ಕೋಳಿಮೊಟ್ಟೆಯ ಬಿಳಿಯನ್ನು ಸೇರಿಸುವ ಪದ್ಧತಿಯಿದ್ದುದರಿಂದ ಕುಶಲಕರ್ಮಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು. ಸುಣ್ಣದ ಗುಂಡಿಗೆ ಇರುವೆ, ಕಪ್ಪೆ, ದನಕರುಗಳು ಬೀಳದಂತೆ ಮುಚ್ಚಳವಿರಬೇಕು. ಬಲವಾದ ಗೋಡೆಯನ್ನು ಈ ವರ್ಷ ಹಾಗೆಯೇ ಬಿಡುವ ನಿರ್ಣಯವನ್ನೂ ಒಂದು ಧರ್ಮಕಾರ್ಯವೆಂದೇ ನಡಾವಳಿಯಲ್ಲಿ ದಾಖಲಿಸಬಹುದು.

ಶ್ರಾವಕನು ಪರ್ವದಿನಗಳಲ್ಲಿ ಆಲೋಚನೆ ಮಾಡುತ್ತಾನೆ. ನಡೆದ ದೋಷಗಳನ್ನು ಒಂದೊಂದಾಗಿ ನೆನೆದು ಒಪ್ಪಿಕೊಳ್ಳುತ್ತಾನೆ. ಬಸದಿಯ ಮಂಡಳಿಯು ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ ಮಾಡಿಸುತ್ತದೆ. ಇವೆರಡೂ ಬೇರೆಬೇರೆಯಾಗಿರಬೇಕಾದ ಕಾರಣವಿಲ್ಲ. ಅಢಾವೆ ಪತ್ರಿಕೆಯ ‘ಸುಣ್ಣದ ಬಾಬ್ತು’ ಎಂಬ ಸಾಲಿನ ಮುಂದೆ ರೂಪಾಯಿಯ ಅಂಕಿಯೊಡನೆ ಅದು ಯಾವ ನೆಲದಿಂದ, ಯಾವ ಗೂಡಿನಿಂದ, ಯಾರ ಕೈಯಿಂದ ಬಂತೆಂಬುದನ್ನೂ ಬರೆದರೆ ಗೋಡೆಯ ಬಿಳುಪು ಕುಂದುವುದಿಲ್ಲ. ಜಾವಳಿಯ ಬೆಟ್ಟದಲ್ಲಿ ನಿಂತ ಶ್ರಾವಕನಿಗೆ ಅಳಿವೆಯ ದಕ್ಕೆ ಕಾಣಿಸದು. ಆ ಒಂದು ಸಾಲು ಅದನ್ನು ಅವನಿಗೆ ಕಾಣಿಸುತ್ತದೆ. ಈ ವಿಚಾರವನ್ನು ಧರ್ಮಬಂಧುಗಳು ತಮ್ಮ ತಮ್ಮ ಬಸದಿಗಳ ಮುಂದಿನ ಸಭೆಯಲ್ಲಿ ಚರ್ಚಿಸುವುದು ಉಚಿತ.